ಗುಡ್ಡ ಹತ್ತೋ ಮುಂದ ನೀರು ಕುಡೀರಿ

ದೂರದ ಪ್ರಯಾಣದ ದಿನ ಹೆಣ್ಣಮಕ್ಕಳು ನೀರು ಕುಡೀಬಾರದು ಅಂತ ಯಾವ ಶಾಸ್ತ್ರದಾಗೂ ಬರದಿಲ್ಲ. ಆದ್ರೂ ಆ ನೇಮ ನಾವೆಲ್ಲಾ ಏಕಾದಶಿಕಿಂತ ಕಟ್ಟುನಿಟ್ಟಾಗಿ ಪಾಲಸ್ತೀವಿ. ಸಣ್ಣಾಕಿ ಇದ್ದಾಗ ಬಸ್ಸು ಹತ್ತೋ ಮುಂದ ಅವ್ವ ನಮಗ ಹೇಳಿದ್ದು, ನಾವು ನಮ್ಮ ಹುಡುಗ್ಯಾರಿಗೆ ಹೇಳಿದ್ದು, ಎಲ್ಲಾ ಒಂದ ಮಾತು: "ಒಂದು ಗುಟುಕು ಸಾಕು. ನಡುವ ಎಲ್ಲೂ ನಿಲ್ಲಸಂಗಿಲ್ಲ." ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಾಗ ಹೋಗೋರು ಸಂಜಿ ನಾಕು ಗಂಟೆಯಿಂದನ ನೀರು ಬಂದ್ ಮಾಡಿರ್ತಾರ. ಅದನ್ನ ಕೆಟ್ಟ ಚಾಳಿ ಅಂತ ನಾ ಅನ್ನಂಗಿಲ್ಲ. ಸ್ವಚ್ಛ ಜಾಗಾ ಸಿಗದ ಕಡೆ ಬ್ಯಾರೆ ಏನ್ ಮಾಡ್ಬೇಕು? ಆದ್ರ ಆ ಚಾಳಿ ನಮ್ಮ ಪೆಟ್ಟಿಗ್ಯಾಗ ಉಪ್ಪಿನಕಾಯಿ ಭರಣಿ ಜೋಡಿ ಕೂತು ಸಮುದ್ರ ದಾಟಿ ಇಲ್ಲೀ ತನಕ ಬಂದದ. ಇಲ್ಲೆ ಅಂದ್ರ ಅಮೆರಿಕಾದ ಕೊಲರಾಡೊ ರಾಜ್ಯದಾಗ, ಹನ್ನೆರಡು ಸಾವಿರ ಅಡಿ ಎತ್ತರಕ್ಕ ಎಲಿ ಬಣ್ಣ ನೋಡ್ಲಿಕ್ಕೆ ಹೋಗೋ ಕಾರಿನಾಗ. ಅಷ್ಟು ಎತ್ತರದಾಗ ಅದು ಬರೇ ಚಾಳಿ ಆಗಿ ಉಳಿಯಂಗಿಲ್ಲ, ಮೈಗೆ ಅಪಾಯ ಆಗ್ತದ.

ಸಪ್ಟೆಂಬರ್ ಕಡೀ ವಾರ ಬಂತಂದ್ರ ಡೆನ್ವರ್ ಸುತ್ತ ಇರೋ ನಮ್ಮ ಮಂದಿ ಎಲ್ಲಾರೂ ರಾಕಿ ಪರ್ವತದ ಕಡೆ ಗಾಡಿ ತಿರುಗಸ್ತಾರ. ಊರಿಂದ ಬಂದ ಅವ್ವ-ಅಪ್ಪ, ಅತ್ತಿ-ಮಾವ ಯಾರಿದ್ರೂ ಅವರನ್ನೂ ಹತ್ತಿಸ್ಕೊಂಡು ಹೋಗ್ತಾರ. ಹೋಗ್ಲಿಕ್ಕೇನೂ ಅಡ್ಡಿ ಇಲ್ಲ, ಹೋಗಬೇಕು. ಅಲ್ಲಿ ಏನದ ಅಂತ ಮದ್ಲ ಹೇಳ್ತೀನಿ, ಇಲ್ಲಂದ್ರ ಇಷ್ಟು ಒದ್ದಾಡಿ ಯಾಕ ಹೋಗ್ಬೇಕು ಅಂತ ಕಾಕು ಕೇಳೇ ಕೇಳ್ತಾಳ.

ಆಸ್ಪೆನ್ ಅಂತ ಒಂದು ಗಿಡ. ಬೊಡ್ಡಿ ಸುಣ್ಣಾ ಹಚ್ಚಿದಂಗ ಬೆಳ್ಳಗ, ಅದರ ಮ್ಯಾಲೆ ಟೊಂಗಿ ಉದುರಿದ ಕಡೆ ಕಾಡಗಿ ತೀಡಿದ ಕಣ್ಣಿನಂಥಾ ಕರೇ ಗುರುತು. ಎಲಿ ಗುಂಡಗ. ಎಲಿ ತೊಟ್ಟು ಮಾತ್ರ ಗುಂಡಗಿಲ್ಲ, ಚಪ್ಪಟಿ. ಹಿಂಗಾಗಿ ಒಂದೀಟು ಗಾಳಿ ಸೋಕಿದ್ರ ಸಾಕು, ಇಡೀ ಗಿಡ ನಡಗ್ತದ. ನಮ್ಮ ಅರಳಿ ಗಿಡದ ಎಲಿ ಗಾಳಿ ಇಲ್ಲದಾಗೂ ಪಟಪಟ ಅಂತಾವಲ್ಲ, ಹಂಗ. ಆ ಹಳದಿ ಬಣ್ಣ ಬ್ಯಾಸಿಗ್ಯಾಗೂ ಎಲಿಯೊಳಗ ಇರ್ತದಂತ, ಮ್ಯಾಲಿನ ಹಸರು ಅದನ್ನ ಮುಚ್ಚಿರ್ತದ. ಹೊತ್ತು ಸಣ್ಣದಾಗಿ ಥಂಡಿ ಬಿದ್ದ ಮ್ಯಾಲೆ ಗಿಡ ಹಸರು ತಯಾರ ಮಾಡೂದು ನಿಲ್ಲಸ್ತದ, ಆಗ ಒಳಗಿನ ಹಳದಿ ಹೊರಗ ಕಾಣಸ್ತದ. ಇನ್ನೊಂದು ಮಜಾ ಅಂದ್ರ, ಬಾಳಿ ಗಿಡದ ಮಗ್ಗಲಾಗ ಮರಿ ಏಳ್ತಾವಲ್ಲ, ಹಂಗ ಇವೂ ಬೇರಿನಿಂದನ ಏಳ್ತಾವ. ಒಂದು ಗುಡ್ಡದ ಮಗ್ಗಲಿಗೆ ನಿಂತ ನೂರಾರು ಗಿಡ ಖರೇ ಅಂದ್ರ ಒಂದ ಗಿಡ. ಬಣ್ಣ ತಿರುಗೂದೂ ಒಟ್ಟಿಗೇ. ಅದಕ್ಕ ದೂರದಿಂದ ನೋಡಿದ್ರ ಒಂದು ತುಂಡು ಅಚ್ಚ ಹಳದಿ, ಅದರ ಮಗ್ಗಲಿನ ತುಂಡು ಇನ್ನೂ ಗಿಣಿ ಹಸರು, ಮುಂದಿಂದು ಕೇಶರಿ. ಕೌದಿ ಹೊಲದಂಗ ಕಾಣಸ್ತದ. ಬಾಜೂ ಯೂಟಾ ರಾಜ್ಯದಾಗ ಪ್ಯಾಂಡೊ ಅಂತ ಒಂದ ಆಸ್ಪೆನ್ ಅದ, 106 ಎಕರೆ ಹಬ್ಯದ, ಸುಮಾರು 47,000 ಬೊಡ್ಡಿ ಅವ ಅದಕ್ಕ. ನಾವು ದಸರಾದಾಗ ಹಸರು ಬನ್ನಿ ಎಲಿ ಕೈಯಾಗಿಟ್ಟು ಬಂಗಾರ ತಗೋರಿ ಅಂತೀವಿ. ಬರೋಬ್ಬರಿ ಅದ ಹೊತ್ತಿಗೆ ಇಲ್ಲೆ ಗುಡ್ಡಕ್ಕ ಗುಡ್ಡನ ಬಂಗಾರ ಆಗಿರ್ತದ. ಎರಡು ವಾರ ಅಷ್ಟ. ಒಂದು ಜೋರು ಗಾಳಿ, ಇಲ್ಲಾ ಮದಲನೇ ಹಿಮ ಬಿತ್ತಂದ್ರ ಮುಗೀತು.

ಈಗ ಎತ್ತರದ ಲೆಕ್ಕ ನೋಡ್ರಿ. ಧಾರವಾಡ ಸಮುದ್ರ ಮಟ್ಟದಿಂದ ಎರಡೂವರಿ ಸಾವಿರ ಅಡಿಯ ಆಸುಪಾಸು. ನಮ್ಮ ರಾಜ್ಯದಾಗ ಎಲ್ಲಾದಕ್ಕೂ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಡೆನ್ವರ್ ಊರ 5,280 ಅಡಿ ಮ್ಯಾಲದ. ಅಂದ್ರ ಇಲ್ಲಿ ನಮ್ಮ ಅಡಗಿ ಮನಿ ಮುಳ್ಳಯ್ಯನಗಿರಿಯ ಸೊಂಟಕ್ಕಿಂತ ಮ್ಯಾಲೆ, ಎದಿ ಹತ್ರ. ಇಲ್ಲೆ ನೀರು 100 ಡಿಗ್ರಿ ಅಲ್ಲ, 95ರ ಆಸುಪಾಸಿಗೇ ಕುದೀತದ, ಕುಕ್ಕರ ಇಲ್ಲದ ಬ್ಯಾಳಿ ಬೇಯೂದ ಇಲ್ಲ. ಹೊಸದಾಗಿ ಬಂದ ಸೊಸ್ತ್ಯಾರು ಬ್ಯಾಳಿ ಹಳೇದು ಅಂತ ಅಂಗಡಿಯವನ ಮ್ಯಾಲೆ ಸಿಟ್ಟಾಗ್ತಾರ. ಇನ್ನ ಇಂಡಿಪೆಂಡೆನ್ಸ್ ಪಾಸ್ ಅನ್ನೋ ಘಟ್ಟದ ನೆತ್ತಿ 12,095 ಅಡಿ. ಮುಳ್ಳಯ್ಯನಗಿರಿ ಮ್ಯಾಲೆ ಹೆಚ್ಚು ಕಡಿಮಿ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟಂಗ. ಅಲ್ಲೆ ನೀರು 88 ಡಿಗ್ರಿ ಸುಮಾರಿಗೇ ಕುದೀತದ. ಬ್ಯಾಳಿ ಕತಿ ಹಂಗಿದ್ರ ಮನಷ್ಯಾರ ಕತಿ ಏನು? ಗಾಳ್ಯಾಗ ಆಮ್ಲಜನಕದ ಪಾಲು ಅಲ್ಲೂ ನೂರಕ್ಕ 21ನ. ಆದ್ರ ಗಾಳಿ ಒತ್ತಡನ ಕಡಿಮಿ. ಒಂದೊಂದು ಉಸಿರಿಗೆ ಒಳಗ ಹೋಗೂದು ಸಮುದ್ರದ ದಂಡಿಗೆ ಸಿಗೂದರ ಮೂರರಾಗ ಎರಡು ಪಾಲಿನಷ್ಟು ಮಾತ್ರ.

ಇಷ್ಟು ತಿಳಕೊಂಡ ಮ್ಯಾಲೆ ಹೋದ ವರ್ಷದ ಸುದ್ದಿ ಕೇಳ್ರಿ. ಅದು ನಿಮ್ಮೆಲ್ಲಾರ ಕಿವಿಗೆ ಮುಟ್ಟ್ಯದ, ಆದ್ರ ಮುಟ್ಟೋದ್ರಾಗ ರೆಕ್ಕಿ-ಪುಕ್ಕ ಬಂದಾವ.

ನಾವು ಐದು ಮಂದಿ ಗೆಳತ್ಯಾರು, ಒಂದು ದೊಡ್ಡ ಗಾಡಿ, ಗಂಡಂದಿರು ಮನ್ಯಾಗ. ಎಲ್ಲಾರೂ ನಲವತ್ತರ ಮ್ಯಾಲಿನವರು. ಒಬ್ಬಾಕಿ ವಿಜಾಪುರದಾಕಿ, ಒಬ್ಬಾಕಿ ಪುಣೆದಾಗ ಬೆಳದಾಕಿ, ಒಬ್ಬಾಕಿ ಶಿರಸಿ ಕಡೆಯಾಕಿ, ಒಬ್ಬಾಕಿ ಮೈಸೂರಿನಾಕಿ. ಈ ಮೈಸೂರಿನಾಕಿ ಇರೋದು ಹೂಸ್ಟನ್‌ದಾಗ, ಅದು ಸಮುದ್ರದ ಹತ್ರದ ಊರು. ಹಿಂದಿನ ರಾತ್ರಿನ ವಿಮಾನ ಇಳದು ಬಂದಿದ್ಲು. ಮುಂಜಾನೆ ಆರಕ್ಕ ಹೊಂಟ್ವಿ. 285 ನಂಬರಿನ ಹೆದ್ದಾರಿ ಹಿಡದು, ಕೆನೋಶಾ ಪಾಸ್ ಅಂತ ಹತ್ತು ಸಾವಿರ ಅಡಿಯ ಮದಲನೇ ಘಟ್ಟ. ಅಲ್ಲೇ ಬಿಸಲು ಬಿತ್ತು ನೋಡ್ರಿ ಆಸ್ಪೆನ್ ಮ್ಯಾಲೆ. ಐದೂ ಮಂದಿ ಮಾತು ನಿಲ್ಲಿಸಿದ್ವಿ. ನಮ್ಮಂಥಾವರು ಐದು ಮಂದಿ ಕೂಡಿದಲ್ಲೆ ಮಾತು ನಿಲ್ಲೂದು ಅಂದ್ರ ನಿಮಗ ಅಂದಾಜು ಆಗ್ತದ.

ಅಲ್ಲಿಂದ ಫೇರ್‌ಪ್ಲೇ, ಬುಎನಾ ವಿಸ್ಟಾ. ನಡುವ ಬುತ್ತಿ ಬಿಚ್ಚಿದ್ವಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆನಿ ಮೊಸರು, ವಿಜಾಪುರದಾಕಿ ತಂದ ಗುರೆಳ್ಳು ಚಟ್ನಿ. ಅಂಗಡಿಯಿಂದ ತಂದ ಚೂಡಾ ಪಾಕೀಟು ಎತ್ತರಕ್ಕ ಉಬ್ಬಿ ತಲಿದಿಂಬು ಆಗಿತ್ತು. ಮೈಸೂರಿನಾಕಿ ಒಂದು ರೊಟ್ಟಿ ತುಂಡು ಹಿಡಕೊಂಡು ಆಡಿಸ್ಕೋತ ಕೂತಿದ್ಲು. "ಹಸಿವಿಲ್ಲ ಕಣ್ರೇ" ಅಂದ್ಲು. ಎರಡು ದೊಡ್ಡ ಕೆರಿ ಇರೋ ಟ್ವಿನ್ ಲೇಕ್ಸ್ ಹತ್ರ ನಿಂತ್ವಿ. ಅಲ್ಲೆ ಮೌಂಟ್ ಎಲ್ಬರ್ಟ್ ಅದ, 14,400 ಅಡಿ ಮ್ಯಾಲೆ, ಇಡೀ ರಾಕಿ ಪರ್ವತದಾಗ ಎಲ್ಲಾದಕ್ಕೂ ಎತ್ತರದ್ದು. ಫೋಟೊ ತಗಿಯೂದು ಮುಗದ ಮ್ಯಾಲೆ 82ನೇ ನಂಬರಿನ ರಸ್ತಾ, ಇಂಡಿಪೆಂಡೆನ್ಸ್ ಪಾಸ್ ಏರು. ಈ ರಸ್ತಾ ಥಂಡಿ ದಿನದಾಗ ಪೂರಾ ಬಂದ್, ಸಾಮಾನ್ಯವಾಗಿ ನವೆಂಬರದಿಂದ ಮೇ ಕಡೀ ತನಕ. 35 ಅಡಿಗಿಂತ ಉದ್ದದ ಗಾಡಿಗೆ ಯಾವಾಗ್ಲೂ ಪರವಾನಗಿ ಇಲ್ಲ. ಅಷ್ಟು ಸಣ್ಣ ರಸ್ತಾ, ಅಷ್ಟು ತಿರುವು. ಕೆಲವು ಕಡೆ ದಂಡಿಗೆ ಕಟ್ಟಿನೂ ಇಲ್ಲ.

ನೆತ್ತಿ ಮ್ಯಾಲೆ ಇಳದ್ವಿ. ಗಿಡ ಎಲ್ಲಾ ಕೆಳಗ ಉಳದಾವ, ಮ್ಯಾಲೆ ಬರೇ ಹುಲ್ಲು, ಕಲ್ಲು, ಗಾಳಿ. ಅಲ್ಲೆ ಒಂದು ಫಲಕ ಅದ: ಇದು ಖಂಡದ ನೀರು ಹರಿಯೂ ನಡುಗೆರಿ. ಪೂರ್ವಕ್ಕ ಬಿದ್ದ ಹನಿ ಮಿಸಿಸಿಪ್ಪಿ ಹಿಡದು ಅಟ್ಲಾಂಟಿಕ್ ಕಡೆ, ಪಶ್ಚಿಮಕ್ಕ ಬಿದ್ದದ್ದು ಕೊಲರಾಡೊ ನದಿ ಹಿಡದು ಪೆಸಿಫಿಕ್ ಕಡೆ. ನಮ್ಮ ಖಾನಾಪುರ ಮ್ಯಾಲಿನ ಘಟ್ಟದಾಗ ಮಲಪ್ರಭಾ ಪೂರ್ವಕ್ಕ, ಮಹಾದಾಯಿ ಪಶ್ಚಿಮಕ್ಕ ಹೊಂಟಂಗ. ಮಹಾದಾಯಿ ನೀರು ಇತ್ತ ತಿರುಗಸ್ರಿ ಅಂತ ನಮ್ಮ ಕಡೆ ಎಷ್ಟು ವರ್ಷದಿಂದ ಹೋರಾಟ ನಡದದ ನಿಮಗ ಗೊತ್ತು. ಇವರು 1930ರ ದಶಕದಾಗ ಈ ಗುಡ್ಡದ ಹೊಟ್ಟಿ ಕೊರದು ಪಶ್ಚಿಮದ ನೀರನ್ನ ಟ್ವಿನ್ ಲೇಕ್ಸ್‌ಗೆ ತಂದುಬಿಟ್ಟಾರ. ಅದು ಸರಿನೋ ತಪ್ಪೋ ಅಂತ ಶಿರಸಿಯಾಕಿ ಮತ್ತ ವಿಜಾಪುರದಾಕಿ ಅಲ್ಲೇ ಗಾಳ್ಯಾಗ ನಿಂತು ವಾದಾ ಸುರು ಮಾಡಿದ್ರು. ಘಟ್ಟದಾಕಿಗೆ ಒಂದು ನ್ಯಾಯ, ಬಯಲಿನಾಕಿಗೆ ಇನ್ನೊಂದು ನ್ಯಾಯ. ಇರ್ಲಿ.

ಈ ವಾದದ ನಡುವ ಮೈಸೂರಿನಾಕಿ ಗಾಡಿಯಿಂದ ಇಳದಿಲ್ಲ ಅನ್ನೋದು ಪುಣೆದಾಕಿ ಕಣ್ಣಿಗೆ ಬಿತ್ತು. ಹೋಗಿ ನೋಡಿದ್ರ ಅಕಿ ಹಣಿ ಹಿಡಕೊಂಡು ಮುಂದಿನ ಸೀಟಿಗೆ ತಲಿ ಆನಿಸಿ ಕೂತಾಳ. ಮಾರಿ ಬೂದಿ ಬಣ್ಣ. "ಏನಿಲ್ಲ ಕಣೇ, ಸ್ವಲ್ಪ ತಲೆ ಭಾರ, ನೀವು ನೋಡ್ಬನ್ನಿ" ಅಂದ್ಲು. ಬಿಡಿಸಿ ಬಿಡಿಸಿ ಕೇಳಿದ ಮ್ಯಾಲೆ ಹೊರಗ ಬಂತು. ತಲಿನೋವು ಫೇರ್‌ಪ್ಲೇಯಿಂದನ ಸುರು ಆಗಿತ್ತು. ಹೊಟ್ಟಿ ತೊಳಸ್ಲಿಕ್ಕೆ ಹತ್ತಿ ಎರಡು ತಾಸು ಆಗಿತ್ತು. ಮುಂಜಾನಿಂದ ಕುಡದದ್ದು ಅರ್ಧ ಕಪ್ ಕಾಫಿ. ನೀರಿನ ಬಾಟ್ಲಿ ಮುಚ್ಚಳಾ ಒಡದಿರ್ಲಿಲ್ಲ. ಯಾಕ ಅಂದ್ರ, "ಗುಡ್ಡದಲ್ಲಿ ಟಾಯ್ಲೆಟ್ ಎಲ್ಲಿರತ್ತೆ, ನಿಮಗೆಲ್ಲ ಯಾಕೆ ತೊಂದ್ರೆ ಅಂತ."

ನಾ ಈ ವಾಕ್ಯ ಬರದು ಮತ್ತ ಓದಿ ನೋಡ್ದೆ. ಕಾಲೇಜಿನಾಗ ಪಾಠ ಹೇಳೋ ಹೆಂಗಸು, ಒಬ್ಬಾಕಿನ ಊರೂರು ತಿರುಗೋ ಹೆಂಗಸು, ಇಪ್ಪತ್ತು ವರ್ಷದ ಗೆಳತ್ಯಾರ ನಡುವ ಕೂತು "ಒಂದ ನಿಮಿಷ ಗಾಡಿ ನಿಲ್ಲಸ್ರಿ" ಅನ್ಲಿಕ್ಕೆ ಸಂಕೋಚ ಪಟ್ಟು ಎರಡು ತಾಸು ವಾಂತಿ ತಡಕೊಂಡು ಕೂತಿದ್ಲು. ಇನ್ನ ಅತ್ತಿ ಮನಿಯವರ ಗಾಡಿಯಾಗ, ಅಳಿಯನ ಗಾಡಿಯಾಗ ಕೂತ ನಮ್ಮ ಅವ್ವಂದಿರು ಏನ್ ಹೇಳ್ಯಾರು?

ಅದು ಎತ್ತರದ ತ್ರಾಸೋ, ನೀರು ಇಲ್ಲದ್ದಕ್ಕೋ, ಬರೇ ಹೊಟ್ಟಿಗೋ, ತಿರುವಿಗೋ, ನಾಕೂ ಕೂಡೇನೋ, ಅಲ್ಲೇ ನಿಂತು ಬ್ಯಾರೆ ಮಾಡಿ ನೋಡ್ಲಿಕ್ಕೆ ಬರಂಗಿಲ್ಲ. ನೋಡೋ ಅವಶ್ಯಕತೆನೂ ಇಲ್ಲ. ಎತ್ತರದಾಗ ತಲಿನೋವು, ವಾಕರಿಕಿ, ತಲಿ ತಿರುಗೂದು ಬಂದ್ರ ಮಾಡೋ ಕೆಲಸ ಒಂದ: ಮ್ಯಾಲೆ ಹತ್ತೂದು ನಿಲ್ಲಿಸಿ ಕೆಳಗ ಇಳಿಯೂದು. ಪುಣೆದಾಕಿ ಅದನ್ನ ಹೇಳಿದ್ಲು, ಛಾವಿ ನನ್ನ ಕೈಗೆ ಕೊಟ್ಟು ತಾನು ಹಿಂದ ಅಕಿ ಮಗ್ಗಲಾಗ ಕೂತು ಗುಟುಕು ಗುಟುಕು ನೀರು ಕುಡಿಸ್ಲಿಕ್ಕೆ ಹತ್ತಿದ್ಲು. ಆಸ್ಪೆನ್ ಊರಿನ ಕಡೆ ಇಳದ್ವಿ. ದಾರ್ಯಾಗ ಇಂಡಿಪೆಂಡೆನ್ಸ್ ಅನ್ನೋ ಹಾಳೂರು ಬರ್ತದ, 1879ರಾಗ ಬಂಗಾರ ಸಿಕ್ತು ಅಂತ ಎದ್ದ ಗಣಿ ಊರು, ಈಗ ಬರೇ ಕಟಗಿ ಗ್ವಾಡಿ ಉಳದಾವ. ಅದನ್ನ ಕಿಟಕ್ಯಾಗಿಂದ ನೋಡಿದ್ವಿ. ಮಧ್ಯಾಹ್ನ ಮೂರಕ್ಕ ಮರೂನ್ ಬೆಲ್ಸ್‌ಗೆ ಬಸ್ ಬುಕ್ಕಿಂಗ್ ಇತ್ತು. ಕೆರಿಯಾಗ ಎರಡು ಕೆಂಪು ಶಿಖರದ ನೆರಳು ಬಿದ್ದ ಫೋಟೊ ನೀವೆಲ್ಲಾ ಕ್ಯಾಲೆಂಡರಿನಾಗ ನೋಡಿರ್ತೀರಿ, ಅದ. ಹಗಲಿನಾಗ ಸ್ವಂತ ಗಾಡಿ ಬಿಡಂಗಿಲ್ಲ, ಮದ್ಲ ಬಸ್ ಸೀಟು ಕಾಯ್ದಿರಿಸ್ಬೇಕು. ಆ ಕೆರಿ ಮತ್ತ ಒಂಬತ್ತೂವರಿ ಸಾವಿರ ಅಡಿ ಮ್ಯಾಲದ. ಬಿಟ್ಟುಬಿಟ್ವಿ. ಸೀದಾ ಗ್ಲೆನ್‌ವುಡ್ ಸ್ಪ್ರಿಂಗ್ಸ್, 5,700 ಅಡಿ. ರಾತ್ರಿ ಅಕಿ ಮೊಸರನ್ನ ಉಂಡು ಮಲಗಿದ್ಲು, ಮುಂಜಾನೆ ಎಲ್ಲಾರಕಿಂತ ಮದ್ಲ ಎದ್ದು ಕಾಫಿ ಕೇಳಿದ್ಲು.

ಸುದ್ದಿ ಇಷ್ಟ. ಆಸ್ಪತ್ರಿ, ಹೆಲಿಕಾಪ್ಟರ್ ಎಲ್ಲಾ ಆಮ್ಯಾಲೆ ಫೋನಿನಾಗ ಸೇರಿದ್ದು.

ಆದ್ರ ಅದರ ಮ್ಯಾಲೆ ಎದ್ದ ತೀರ್ಪು ನನಗ ಒಪ್ಪಿಗಿ ಇಲ್ಲ. ವಿಜಾಪುರದಾಕಿಗೆ ಮರೂನ್ ಬೆಲ್ಸ್ ತಪ್ಪಿದ್ದು ಭಾಳ ಬ್ಯಾಸರ ಆಗಿತ್ತು, ಅದು ಸಹಜ. ಅಕಿ ಅಂದ್ಲು, "ಆಗದವರು ಬರಬಾರದು." ಇದನ್ನ ಮಾತು ಈಗ ಹುಬ್ಬಳ್ಳಿ-ಧಾರವಾಡದಾಗೂ ತಿರುಗ್ಲಿಕ್ಕೆ ಹತ್ತ್ಯದ. ಈ ಸಪ್ಟೆಂಬರದಾಗ ನಮ್ಮ ಮೌಶಿ ಬರೋಳಿದ್ದಾಳ, ಅಕಿಗೆ 62. "ಮೌಶಿನ್ನ ಮನ್ಯಾಗ ಬಿಟ್ಟು ನೀವು ಹೋಗಿ ಬರ್ರಿ" ಅಂತ ಮೂರು ಮನಿಯಿಂದ ಸಲಹೆ ಬಂದದ.

ಆಗದವರು ಯಾರು ಅಂತ ಮದ್ಲ ಹೆಂಗ ಗೊತ್ತಾಗ್ತದ್ರಿ? ಎತ್ತರದ ತ್ರಾಸ ವಯಸ್ಸು ನೋಡಿ ಬರಂಗಿಲ್ಲ. ದಿನಾ ಓಡೋ, ಜಿಮ್ಮಿಗೆ ಹೋಗೋ ಹುಡುಗೂರಿಗೂ ಬರ್ತದ, ಮೈಯಾಗ ಕಸುವು ಇದ್ರ ಅದು ತಪ್ಪಂಗಿಲ್ಲ. ಮೌಶಿಗೆ ಏನೂ ಆಗದ ಇರಬಹುದು, ಅಕಿನ್ನ ಕರಕೊಂಡು ಹೋದ ಸೋದರಳಿಯ ವಾಂತಿ ಮಾಡಿಕೋಬಹುದು. ವಯಸ್ಸು ನೋಡಿ ಗೆರಿ ಎಳಿಯೂದಕಿಂತ ಡಾಕ್ಟರ ಹತ್ರ ಹೋಗಿ ಕೇಳೂದು ಶಾಣ್ಯಾತನ. ಎದಿ ಬ್ಯಾನಿ, ಪುಪ್ಪುಸದ ಬ್ಯಾನಿ, ಹಿಡಿತಕ್ಕ ಬರದ ಬಿಪಿ, ಬಸಿರು, ಇವೆಲ್ಲಾ ಇದ್ದವರು ಕೇಳದ ಹತ್ತಬಾರದು. ರಕ್ತ ಕಡಿಮಿ ಇದ್ದವರೂ ಅಷ್ಟ. ಇದು ಸಣ್ಣ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಾಗ 15ರಿಂದ 49 ವಯಸ್ಸಿನ ಹೆಣ್ಣಮಕ್ಕಳೊಳಗ ನೂರಕ್ಕ 57 ಮಂದಿಗೆ ರಕ್ತಹೀನತೆ. ಆಮ್ಲಜನಕ ಹೊರೋದು ರಕ್ತ. ಕೆಳಗನ ಹೊರೋ ಕೂಲಿಗಳು ಕಡಿಮಿ ಇದ್ರ ಮ್ಯಾಲೆ ಸರಕೂ ಕಡಿಮಿ ಆದಾಗ ಏನ್ ಮಾಡ್ತಾವ? ಹಿಮೋಗ್ಲೋಬಿನ್ ತಪಾಸಣಿ ಮಾಡಿಸ್ಲಿಕ್ಕೆ ವೀಸಾ ಬೇಕಾಗಿಲ್ಲ, ಮಗ್ಗಲಿನ ಲ್ಯಾಬಿನಾಗ ಆಗ್ತದ.

ಅದಕ್ಕ ನನ್ನ ಮಾತು ಏನಂದ್ರ, ಹೋದ ವರ್ಷ ಗುಡ್ಡದ ಮ್ಯಾಲೆ ಆದದ್ದು ಮೈಸೂರಿನಾಕಿಯ ಮೈಯ ದೋಷ ಅಲ್ಲ. ಅಕಿ ಎರಡು ತಾಸು ಮದ್ಲ ಬಾಯಿ ಬಿಟ್ಟಿದ್ರ ಬುಎನಾ ವಿಸ್ಟಾದಾಗ, ಎಂಟು ಸಾವಿರ ಅಡಿಯೊಳಗ, ಎಲ್ಲಾರೂ ಕೂತು ಚಹಾ ಕುಡದು, ಅಕಿನ್ನ ನೋಡಿಕೊಂಡು, ಬೇಕಾದ್ರ ಅಲ್ಲಿಂದನ ತಿರುಗ್ತಿದ್ವಿ. ಬಾಯಿ ಯಾಕ ಬಿಡ್ಲಿಲ್ಲ? ಬಿಡದಂಗ ನಮ್ಮನ್ನೆಲ್ಲಾ ಬೆಳಸ್ಯಾರ. "ನಡೀತದ ಬಿಡ್ರಿ", "ನಂದೇನಿಲ್ಲ, ನಿಮ್ಮದು ನೋಡ್ರಿ", ಇವು ನಮಗ ಹಾಲಿನ ಜೋಡಿ ಕುಡಿಸಿದ ಮಾತು. ಮನ್ಯಾಗ ಇದನ್ನ ಒಳ್ಳೆಯ ಗುಣ ಅಂತಾರ. ಊಟದ ಪಂಕ್ತಿಯಾಗ ಕಡೀಕ ಕೂಡೋಳು, ಜ್ವರ ಇದ್ರೂ ಒಲಿ ಮುಂದ ನಿಂತೋಳು, ಅಕಿ ಚಲೋ ಸೊಸಿ. ಆ ಗುಣ ಹನ್ನೆರಡು ಸಾವಿರ ಅಡಿ ಮ್ಯಾಲೆ ಕೊಲ್ತದ. ಹೆಚ್ಚು ಮಾಡಿ ಹೇಳೂದಲ್ಲ ಇದು. ತಲಿನೋವು ಮುಚ್ಚಿಟ್ಟು ಮ್ಯಾಲೆ ಮ್ಯಾಲೆ ಹತ್ತಿದ್ರ, ಇಲ್ಲಾ ಅಲ್ಲೇ ರಾತ್ರಿ ಮಲಗಿದ್ರ, ಮಿದುಳಿಗೋ ಪುಪ್ಪುಸಕ್ಕೋ ನೀರು ತುಂಬೋ ಹಂತಕ್ಕ ಹೋಗಬಹುದು. ಕುಡದವರಂಗ ತೋಲಾಡಿ ನಡಿಯೂದು, ಮಾತು ಗೊಂದಲ ಆಗೂದು, ಸುಮ್ನ ಕೂತಾಗೂ ಉಸಿರು ಸಿಗದಂಗ ಆಗೂದು, ಇವು ಕಂಡ್ರ ಆ ಕ್ಷಣ ಕೆಳಗ ಇಳೀಬೇಕು, 911ಕ್ಕ ಫೋನ್ ಮಾಡ್ಬೇಕು. ಇದನ್ನ ನೆನಪಿಡ್ರಿ, ಬ್ಯಾರೆ ಎಲ್ಲಾ ಮರತ್ರೂ ನಡೀತದ.

ಇನ್ನ ನೀರಿನ ಲೆಕ್ಕ. ಗುಡ್ಡದ ಗಾಳಿ ಒಣಾ, ಉಸಿರಾಟ ಜೋರು, ಉಸಿರಿನ ಜೋಡಿನ ಮೈಯಾಗಿನ ನೀರು ಹೊರಗ ಹೋಗ್ತದ. ಅದರ ಮ್ಯಾಲೆ ಎತ್ತರಕ್ಕ ಹೋದ ಹೊಸದ್ರಾಗ ಮೂತ್ರನೂ ಹೆಚ್ಚಾಗ್ತದ. ಅದು ಮೈ ಆ ಎತ್ತರಕ್ಕ ಹೊಂದಿಕೊಳ್ಳೋ ರೀತಿ. ಥಂಡಿಗೂ ಹೆಚ್ಚಾಗ್ತದ. ಅಂದ್ರ ನೀರು ಹೆಚ್ಚು ಬೇಕು, ಬಾತ್‌ರೂಮೂ ಹೆಚ್ಚು ಬೇಕು. ಅಂಥಾ ಕಡೆ ನಾವು ನೀರು ಬಂದ್ ಮಾಡಿ ಕೂಡ್ತೀವಿ. ಎತ್ತರದ ತ್ರಾಸಕ್ಕ ನೀರ ಔಷಧ ಅಲ್ಲ, ಕೊಡಗಟ್ಲೆ ಕುಡಿಯೂದೂ ಬ್ಯಾಡ. ಆದ್ರ ಒಣಗಿದ ಮೈಯ ತಲಿನೋವು ಯಾವುದು, ಎತ್ತರದ ತಲಿನೋವು ಯಾವುದು ಅಂತ ಗೊತ್ತಾಗದಂಗ ಆಗ್ತದಲ್ಲ, ಅದು ದೊಡ್ಡ ಪಂಚಾಯ್ತಿ. ಕೆಲವರು ಊರಿಂದನ ಡಯಾಮಾಕ್ಸ್ ಗುಳಿಗಿ ತರ್ತಾರ, ಅದು ಡಾಕ್ಟರನ್ನ ಕೇಳಿ ತಗೋಳೋದು. ಆ ಗುಳಿಗಿಗೂ ಮೂತ್ರ ಹೆಚ್ಚಾಗ್ತದ ಅನ್ನೋದು ನೆನಪಿರ್ಲಿ. ಗುಳಿಗಿ ತಗೊಂಡು ನೀರು ಬಿಟ್ರ ಎರಡೂ ಕಡೆಯಿಂದ ಹೊಡತ.

ಬಾತ್‌ರೂಮು ಎಲ್ಲೆ ಅವ ಅಂತ ಕೇಳೋರಿಗೆ ಹೇಳ್ತೀನಿ. ದಾರ್ಯಾಗಿನ ಊರಿನ ಪೆಟ್ರೋಲ್ ಪಂಪುಗಳೊಳಗ ಅವ, ಘಟ್ಟದ ನೆತ್ತಿ ಮ್ಯಾಲೂ ಅದ. ನೆತ್ತಿ ಮ್ಯಾಲಿಂದು ನೀರಿಲ್ಲದ್ದು, ಕೆಳಗ ಗುಂಡಿ, ವಾಸನಿ ಇರ್ತದ, ಆದ್ರ ಬಾಗಲಾ ಅದ, ಚಿಲಕ ಅದ. ನಮ್ಮ ಮಂದಿ ಕೈಯಾಗ ಒಂದು ನೀರಿನ ಬಾಟ್ಲಿ, ಕೈ ತೊಳಿಯೋ ಜೆಲ್ ಇಟ್ಟುಕೊಂಡ್ರ ಮುಗೀತು. ನಾ ಈಗ ಹೊರಡೋ ಮದ್ಲ ನಿಲ್ಲಸೋ ಜಾಗಾ ಎಲ್ಲಾ ಚೀಟಿ ಮ್ಯಾಲೆ ಬರದು ಮುಂದಿನ ಕನ್ನಡಿ ಹತ್ರ ಅಂಟಸ್ತೀನಿ. ಯಾರೂ ಕೇಳಬೇಕಾಗಿಲ್ಲ, ಆ ಜಾಗಾ ಬಂದ ಕೂಡ್ಲೆ ಗಾಡಿ ನಿಲ್ತದ, ಎಲ್ಲಾರೂ ಇಳೀತಾರ. ಕೇಳೋ ಸಂಕೋಚ ಇದ್ದವರಿಗೆ "ಕೇಳ್ರಿ" ಅಂತ ಭಾಷಣ ಮಾಡಿದ್ರ ಏನೂ ಆಗಂಗಿಲ್ಲ, ಕೇಳೋ ಪ್ರಸಂಗನ ಬರದಂಗ ಮಾಡ್ಬೇಕು. ಮತ್ತ ಒಂದು ಕಟ್ಟಳಿ: ಪ್ರತಿ ಸಲ ಗಾಡಿ ನಿಂತಾಗ ಎಲ್ಲಾರೂ ತಮ್ಮ ತಲಿ, ಹೊಟ್ಟಿ ಹೆಂಗದ ಅಂತ ಹೇಳ್ಬೇಕು, ಮದ್ಲ ಗಾಡಿ ಹೊಡಿಯೋರು ಹೇಳ್ಬೇಕು. ಡ್ರೈವರ್ ಬಾಯಿಂದನ "ನನಗ ಒಂದೀಟು ತಲಿ ಭಾರ" ಅಂತ ಬಂದ್ರ ಉಳದವರ ಬಾಯಿ ತಾನ ಬಿಚ್ಚತದ.

ರಾತ್ರಿ ಎಲ್ಲೆ ಮಲಗ್ಬೇಕು ಅನ್ನೋದ್ರಾಗೂ ನಂದೊಂದು ಹಟ ಅದ. ಲೆಡ್‌ವಿಲ್ ಅಂತ ಹಳೇ ಬೆಳ್ಳಿ ಗಣಿ ಊರು, ಆಸ್ಪೆನ್‌ಕಿಂತ ರೂಮು ಸೋವಿ ಅಂತ ಭಾಳ ಮಂದಿ ಅಲ್ಲೆ ಉಳೀತಾರ. ಅದು ಹತ್ತು ಸಾವಿರ ಅಡಿ ಮ್ಯಾಲೆ. ಎತ್ತರದ ತ್ರಾಸ ಬರೋದು ಹೆಚ್ಚಾಗಿ ಹೋದ ಕೆಲವು ತಾಸಿನ ಮ್ಯಾಲೆ, ರಾತ್ರಿ ಮಲಗಿದಾಗ. ಹಗಲಿನಾಗ ಎಷ್ಟು ಬೇಕಾದ್ರೂ ಹತ್ತ್ರಿ, ರಾತ್ರಿಗೆ ಕೆಳಗ ಬರ್ರಿ. ಗ್ಲೆನ್‌ವುಡ್‌ನ್ಯಾಗ 1888ರಿಂದ ನಡದ ಬಿಸಿನೀರ ಬುಗ್ಗಿಯ ದೊಡ್ಡ ಕೊಳ ಅದ, ಮೊಣಕಾಲು ಬ್ಯಾನಿ ಇದ್ದವರಿಗೆ ಅಲ್ಲಿಂದ ಎದ್ದು ಬರ್ಲಿಕ್ಕೆ ಮನಸ ಆಗಂಗಿಲ್ಲ. ಊರಿಂದ ಬಂದವರಿಗೆ ಮದ್ಲ ಎರಡು ಮೂರು ದಿನ ಡೆನ್ವರಿನಾಗ ಸುಮ್ನ ಇರ್ಲಿಕ್ಕೆ ಬಿಡ್ರಿ. ವಿಮಾನ ಇಳದ ಮರುದಿನ ಗುಡ್ಡ ಹತ್ತಸೂದು ಬ್ಯಾಡ. ಎಲಿ ಉದುರಿ ಹೋಗ್ತಾವ ಅಂತ ಅವಸರ ಮಾಡ್ತೀರಿ, ಗೊತ್ತದ ನನಗ. ಉದರ್ಲಿ.

ಇನ್ನ ಗಾಡಿ ಹೊಡಿಯೋರ ಮಾತು. ಗಂಡಸರು ಸಿಟ್ಟಾಗಬ್ಯಾಡ್ರಿ, ಆದ್ರ ಅವರು ಹೊಡದ್ರ ನಿಲ್ಲಸೂದ ಇಲ್ಲ. ಜಿಪಿಎಸ್ ನಾಕು ತಾಸು ಅಂದ್ರ ಮೂರೂ ಮುಕ್ಕಾಲಕ್ಕ ಮುಟ್ಟಿದ್ದ ಪರಾಕ್ರಮ. ಹಿಂದ ಕೂತವರು ಕಿಟಕ್ಯಾಗಿಂದ ಹಳದಿ ಬಣ್ಣದ ಗೆರಿ ಅಷ್ಟ ನೋಡ್ತಾರ. ನಮ್ಮ ಪುಣೆದಾಕಿ ಹೊಡಿಯೂದು ಹಂಗಲ್ಲ. ಹಿಂದ ಗಾಡಿ ಸಾಲುಗಟ್ಟಿದ್ರ ಬದೀಕ ಜಾಗಾ ಸಿಕ್ಕಲ್ಲೆ ಸರದು ಅವರನ್ನ ಮುಂದ ಬಿಡ್ತಾಳ. ಸಣ್ಣ ರಸ್ತಾದಾಗ ಏರಿ ಬರೋ ಗಾಡಿಗೆ ಇಳಿಯೋ ಗಾಡಿ ದಾರಿ ಕೊಡ್ಬೇಕು, ಅದನ್ನ ಪಾಲಸ್ತಾಳ. ಇಳಿಯೂ ಮುಂದ ಬ್ರೇಕ್ ಒತ್ತಿಕೋತ ಇಳಿಯೂದಲ್ಲ, ಗೇರ್ ಕೆಳಗ ಹಾಕಿ ಎಂಜಿನ್ ಹಿಡತದಾಗ ಇಳಿಯೂದು. ಇಲ್ಲಂದ್ರ ಬ್ರೇಕ್ ಕಾದು ಹಿಡಿಯೂದ ಬಿಡ್ತಾವ. ನನಗ ಇದೆಲ್ಲಾ ಕಲಿಸಿದ್ದು ಅಕಿನ. ಆದ್ರ ಏರೋ ಮುಂದ ಹಿಡದ ಸ್ಟೀರಿಂಗ್ ಇಳಿಯೋ ತನಕ ಒಬ್ಬಾಕಿ ಕೈಯಾಗ ಇದ್ರ ಅಕಿ ನೋಡೋದು ಬರೇ ಡಾಂಬರು. ಇಬ್ಬರು ಹೊಡಿಯೋರು ಇರಲೇಬೇಕು, ನಡುವ ಬದಲಾಗಲೇಬೇಕು. ಒಬ್ಬರಿಗೆ ತಲಿ ಭಾರ ಆದ್ರೂ ಇನ್ನೊಬ್ಬರು ಇರ್ತಾರ.

ಮೌಶಿ ರಿಪೋರ್ಟು ಬಂದದ, ಹಿಮೋಗ್ಲೋಬಿನ್ ಹನ್ನೆರಡೂವರಿ, ಬಿಪಿ ಹಿಡಿತದಾಗ ಅದ. ಡಾಕ್ಟರು ಹೂಂ ಅಂದಾರ. ಹುಬ್ಬಳ್ಳಿಯ ಮೂರೂ ಮನಿಯವರು ಈ ರಿಪೋರ್ಟು ನೋಡಬೇಕಂದ್ರ ನನಗ ಹೇಳ್ರಿ, ಕಳಸ್ತೀನಿ. ಈ ಸಲ ನಾವು ಆರು ಮಂದಿ, ಮೈಸೂರಿನಾಕಿನೂ ಬರ್ತಾಳ, ನಾಕು ದಿನ ಮದ್ಲನ ಬಂದು ಇರ್ತಾಳ. ವಿಜಾಪುರದಾಕಿ ಮರೂನ್ ಬೆಲ್ಸ್ ಬಸ್ಸನ್ನ ಎರಡನೇ ದಿನಕ್ಕ ಹಾಕಿಸ್ಯಾಳ, ಗುರೆಳ್ಳು ಚಟ್ನಿ ತರೂದೂ ಅಕಿನ. ಖಡಕ್ ರೊಟ್ಟಿ ಮೌಶಿ ಊರಿಂದನ ತರ್ತೀನಿ ಅಂದಾಳ, ಐವತ್ತು ಸಾಕು ಅಂದ್ರ ಕೇಳವಲ್ಲಳು.